ಕೊಲ್ಹಾಪುರಿ ಚಪ್ಪಲಿ ವಿನ್ಯಾಸ ವಿವಾದ

ಕೊಲ್ಹಾಪುರಿ ಚಪ್ಪಲಿ ವಿನ್ಯಾಸ ವಿವಾದವು ಇಟಲಿಯ ಪ್ರಾಡಾ ಸಂಸ್ಥೆಯು ಈ ಸಾಂಪ್ರದಾಯಿಕ ಪಾದರಕ್ಷೆಯನ್ನು ಬಹುವಾಗಿ ಹೋಲುವ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿದ್ದರಿಂದ 2025ರಲ್ಲಿ ಉಂಟಾದ ವಿವಾದವಾಗಿದೆ.

ಹಿನ್ನೆಲೆ

ಹೆಸರು ಕೊಲ್ಹಾಪುರದ್ದಾದರೂ ಇದು ಮಹಾರಾಷ್ಟ್ರಕ್ಕೆ ಮಾತ್ರ ಸೇರಿದ ಕಸುಬಲ್ಲ. 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಸಮಾನವಾಗಿ ಅನ್ವಯಿಸುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ತಯಾರಿಕೆ ಹೆಚ್ಚಾಗಿರುವುದು ಅಥಣಿ, ನಿಪ್ಪಾಣಿಗಳ ಕಡೆ. ನೋಂದಣಿಯು ಜಿಲ್ಲಾವಾರು ಆಗಿರುವುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳೂ ಅದರ ವ್ಯಾಪ್ತಿಯಲ್ಲಿವೆ. ಮಾನ್ಯತೆಯನ್ನು ಕರ್ನಾಟಕದ ಪರವಾಗಿ ಲಿಡ್ಕರ್ (ಡಾ. ಬಾಬು ಜಗಜೀವನ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ), ಮಹಾರಾಷ್ಟ್ರದ ಪರವಾಗಿ ಲಿಡ್ಕಾಂ ಹೊಂದಿವೆ.

ಜಾಲಿಮರದ ತೊಗಟೆ, ಅಳಲೆಕಾಯಿ ಮುಂತಾದವುಗಳಿಂದ ಹದಮಾಡಿದ ತೊಗಲನ್ನು ಕತ್ತರಿಸಿ, ಮೊಳೆ ಬಳಸದೆ ಚರ್ಮದ ದಾರದಿಂದಲೇ ಹೊಲಿಯುವುದು ಸಾಂಪ್ರದಾಯಿಕ ವಿಧಾನ. ಹೆಬ್ಬೆರಳಿನ ಉಂಗುರ, ಹೆಣೆದ ಪಟ್ಟಿ, ಎರಡು ಬದಿಗಳ 'ಕಿವಿ' ಇದರ ಗುರುತುಗಳು. ಚರ್ಮ ಹದಮಾಡುವ ಡೋಹರರೂ ಚಪ್ಪಲಿ ಹೊಲಿಯುವ ಸಮಗಾರರೂ ತಲೆಮಾರುಗಳಿಂದ ಈ ವೃತ್ತಿಯಲ್ಲಿದ್ದಾರೆ. ಹೆಣಿಗೆಯ ನಯಗೆಲಸ ಬಹುಪಾಲು ಹೆಂಗಸರದು. ಇದೇ ವೃತ್ತಿಯ ಕಾರಣಕ್ಕೆ ಅಸ್ಪೃಶ್ಯತೆಯನ್ನು ಅನುಭವಿಸಿದ ಸಮುದಾಯಗಳಿವು. ಆದ್ದರಿಂದ ಕಸುಬಿನ ಕೀರ್ತಿ ಯಾರಿಗೆ ಸಲ್ಲಬೇಕೆಂಬುದು ಇಲ್ಲಿ ಕೇವಲ ವ್ಯಾಪಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮಿಲಾನ್ ಪ್ರದರ್ಶನ

2025ರ ಜೂನ್‌ನಲ್ಲಿ ಮಿಲಾನ್ ನಗರದಲ್ಲಿ ನಡೆದ ಪುರುಷರ ಉಡುಪು ಪ್ರದರ್ಶನದಲ್ಲಿ ಪ್ರಾಡಾ ಇವನ್ನು 'ಚರ್ಮದ ಚಪ್ಪಲಿ' ಎಂದಷ್ಟೇ ಕರೆಯಿತು. ಟೀಕೆ ವ್ಯಾಪಕವಾಯಿತು. ಮಹಾರಾಷ್ಟ್ರ ವಾಣಿಜ್ಯೋದ್ಯಮ ಸಂಘವು ಬರೆದ ಪತ್ರಕ್ಕೆ ಉತ್ತರಿಸಿದ ಸಂಸ್ಥೆಯ ಲೊರೆಂಜೊ ಬರ್ಟೆಲ್ಲಿ, ವಿನ್ಯಾಸಕ್ಕೆ ಭಾರತೀಯ ಸಾಂಪ್ರದಾಯಿಕ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿಕೊಂಡರು. ಚರ್ಚೆಯಲ್ಲಿ ಕೊಲ್ಹಾಪುರದ ಹೆಸರೇ ಮುಂದಾದಾಗ, ಬೆಳಗಾವಿ, ಬಾಗಲಕೋಟೆ, ಧಾರವಾಡ ಭಾಗದ ಕುಶಲಕರ್ಮಿಗಳಿಗೂ ಮನ್ನಣೆ ಸಲ್ಲಬೇಕೆಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಹೇಳಿದರು.

ಕಾನೂನಿನ ಮಿತಿ

1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆ ರಕ್ಷಿಸುವುದು ಮುಖ್ಯವಾಗಿ ಹೆಸರನ್ನು, ಆಕಾರವನ್ನಲ್ಲ. ಅದು ಅನ್ವಯಿಸುವುದೂ ಭಾರತದೊಳಗೆ ಮಾತ್ರ. 'ಕೊಲ್ಹಾಪುರಿ' ಎಂಬ ಪದವನ್ನು ಬಳಸದ ಪ್ರಾಡಾದ ಮೇಲೆ ಈ ಕಾಯ್ದೆಯಡಿ ಕ್ರಮ ಕೈಗೊಳ್ಳುವುದು ಕಷ್ಟವಾಗಿತ್ತು; ಹೆಸರನ್ನು ಕೈಬಿಟ್ಟಿದ್ದೇ ಆಕ್ಷೇಪಕ್ಕೂ ಕಾರಣ, ರಕ್ಷಣೆಗೂ ಕಾರಣ ಎಂಬ ವಿಚಿತ್ರ ಸ್ಥಿತಿ ಇದು. ವಕೀಲರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲಿ ವಜಾಗೊಳಿಸಿತು: ಅರ್ಜಿದಾರರು ಸೂಚಿಕೆಯ ನೋಂದಾಯಿತ ಮಾಲೀಕರಾಗಿರಲಿಲ್ಲ.

ಹೆಸರು ಹೇಳುವುದನ್ನೇ ಕಡ್ಡಾಯಗೊಳಿಸಿದ ಕಾನೂನು ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ 2014ರ ಕಾಯ್ದೆಯಂತೆ, ಮಾವೊರಿ ಜನರ 'ಕಾ ಮಾಟೆ' ಹಾಕಾವನ್ನು ಪ್ರಕಟಣೆ, ಚಲನಚಿತ್ರ ಮೊದಲಾದವುಗಳಲ್ಲಿ ಬಳಸುವವರು ಅದರ ಕರ್ತೃ ತೆ ರೌಪರಾಹ ಹಾಗೂ ಆತನ ನ್ಗಾತಿ ತೋಆ ಬುಡಕಟ್ಟನ್ನು ಉಲ್ಲೇಖಿಸಬೇಕು. ಅದರಲ್ಲಿಯೂ ಗೌರವಧನದ ಹಕ್ಕಿಲ್ಲ.

ಒಪ್ಪಂದ

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಸಂಸ್ಥೆಯು ಲಿಡ್ಕಾಂ ಮತ್ತು ಲಿಡ್ಕರ್ ಎರಡರೊಂದಿಗೂ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೊತೆ ಚಪ್ಪಲಿಗಳನ್ನು ಮಾಡಿಸಿ, ಜೊತೆಗೆ ಸುಮಾರು 800 ಯೂರೋ ಬೆಲೆಯಲ್ಲಿ ಮಾರುವುದಾಗಿಯೂ ಕುಶಲಕರ್ಮಿಗಳಿಗೆ ತರಬೇತಿ ನೀಡುವುದಾಗಿಯೂ ಪ್ರಕಟಿಸಲಾಯಿತು.