ಬದಲಾವಣೆಯೂ ಅದರ ಲೆಕ್ಕವೂ: ಮಾರ್ಮನ್ ಸಂಪ್ರದಾಯದ ಇತಿಹಾಸದಿಂದ ಒಂದು ಪಾಠ

2018ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ ನಡೆದ ಒಂದು ಧಾರ್ಮಿಕ ಮಹಾಸಭೆಯಲ್ಲಿ ನಮ್ಮ ಬೆಂಗಳೂರಿನ ಹೆಸರು ಕೇಳಿಬಂದಿತು. ಲೋಕರೂಢಿಯಲ್ಲಿ ಮಾರ್ಮನ್ನರೆಂದು ಕರೆಯಲ್ಪಡುವ ಕ್ರೈಸ್ತ ಸಂಪ್ರದಾಯದವರು ಭಾರತದಲ್ಲಿ ತಮ್ಮ ಪ್ರಥಮ ದೇವಾಲಯವನ್ನು ಬೆಂಗಳೂರಿನಲ್ಲಿ ನಿರ್ಮಿಸುವುದಾಗಿ ಅಂದು ಪ್ರಕಟಿಸಿದರು. 2020ರ ಡಿಸೆಂಬರ್ ತಿಂಗಳಿನಲ್ಲಿ ನೆಲ ಅಗೆಯುವ ವಿಧಿಯೂ ನೆರವೇರಿತು. ಈ ಸಮಾಜದ ವಿಷಯವನ್ನು ಬಲ್ಲವರು ನಮ್ಮಲ್ಲಿ ವಿರಳ. ಬಲ್ಲವರಿಗೂ ‘ಬಹುಪತ್ನೀತ್ವದವರು’ ಎಂಬ ಒಂದು ಮಾತಷ್ಟೇ ನೆನಪಿನಲ್ಲಿರುತ್ತದೆ. ಆದರೆ ಒಂದು ಧರ್ಮಸಮಾಜವು ಹೇಗೆ ಬದಲಾಗುತ್ತದೆ, ಬದಲಾದ ಮೇಲೆ ತನ್ನ ಹಿಂದಿನ ನಡೆಗೆ ಹೇಗೆ ಉತ್ತರ ಹೇಳುತ್ತದೆ ಎಂಬ ಪ್ರಶ್ನೆಗೆ ಇವರ ಇತಿಹಾಸದಷ್ಟು ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಉಗಮ ಮತ್ತು ವಲಸೆ

ಈ ಸಂಪ್ರದಾಯದ ಸ್ಥಾಪಕನಾದ ಜೋಸೆಫ್ ಸ್ಮಿತ್ 1805ರಲ್ಲಿ ವರ್ಮಾಂಟ್ ಪ್ರಾಂತದ ಒಂದು ಸಾಧಾರಣ ರೈತಕುಟುಂಬದಲ್ಲಿ ಜನಿಸಿದನು. ದೇವದೂತನೊಬ್ಬನು ತೋರಿದ ಚಿನ್ನದ ತಗಡುಗಳಿಂದ ತಾನು ಅನುವಾದಿಸಿದುದೆಂದು ಹೇಳಿ 1830ರಲ್ಲಿ ಆತನು ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷದ ಏಪ್ರಿಲ್ 6ರಂದು ನ್ಯೂಯಾರ್ಕ್ ಪ್ರಾಂತದಲ್ಲಿ ಸಭೆಯು ಸ್ಥಾಪನೆಯಾಯಿತು. ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೈಂಟ್ಸ್’ ಎಂಬುದು ಅದರ ಪೂರ್ಣನಾಮ. ದೇವರು ಪ್ರಾಚೀನಕಾಲದಲ್ಲಿ ಮಾತನಾಡಿ ಮೌನಿಯಾದವನಲ್ಲ, ಸಭೆಯ ಅಧ್ಯಕ್ಷನಾದ ಪ್ರವಾದಿಯ ಮೂಲಕ ಇಂದಿಗೂ ತನ್ನ ಇಚ್ಛೆಯನ್ನು ಪ್ರಕಟಿಸುತ್ತಾನೆ ಎಂಬುದು ಇವರ ಮೂಲನಂಬಿಕೆ. ಮುಂದಿನ ಎಲ್ಲ ಪರಿವರ್ತನೆಗಳ ಬೀಜವೂ ಇಲ್ಲಿಯೇ ಇದೆ.

ಇವರ ಆಚಾರಗಳಲ್ಲಿ ಗಮನಾರ್ಹವಾದವು ಹಲವು. ಮದ್ಯ, ಹೊಗೆಸೊಪ್ಪು, ಚಹಾ, ಕಾಫಿಗಳ ವರ್ಜನಕ್ಕೆ 1833ರ ಒಂದು ಉಪದೇಶವೇ ಆಧಾರ. ಆದಾಯದ ಹತ್ತನೆಯ ಒಂದು ಭಾಗವನ್ನು ಸಭೆಗೆ ಸಲ್ಲಿಸಬೇಕು. ತಿಂಗಳಿಗೊಮ್ಮೆ ಎರಡು ಹೊತ್ತಿನ ಊಟವನ್ನು ಬಿಟ್ಟು, ಅದರ ಬೆಲೆಯನ್ನು ಬಡವರಿಗೆ ನೀಡಬೇಕು. ಊರಿನ ಸಭೆಯನ್ನು ನಡೆಸುವವರು ಸಂಬಳ ಪಡೆಯುವ ಪಾದ್ರಿಗಳಲ್ಲ, ತಮ್ಮ ತಮ್ಮ ಉದ್ಯೋಗದಲ್ಲಿರುವ ಗೃಹಸ್ಥರು.

ಆರಂಭದಿಂದಲೇ ಇವರಿಗೆ ಉಪದ್ರವ ತಪ್ಪಲಿಲ್ಲ. 1838ರಲ್ಲಿ ಮಿಸೌರಿ ಪ್ರಾಂತದ ರಾಜ್ಯಪಾಲನೇ ಇವರನ್ನು ಹೊರಗಟ್ಟುವ ಆಜ್ಞೆ ಹೊರಡಿಸಿದನು. 1844ರ ಜೂನ್ 27ರಂದು ಇಲಿನಾಯ್ ಪ್ರಾಂತದ ಕಾರ್ತೇಜ್ ಸೆರೆಮನೆಯಲ್ಲಿದ್ದ ಸ್ಮಿತ್‌ನನ್ನು ಉದ್ರಿಕ್ತ ಗುಂಪೊಂದು ಕೊಂದಿತು. ಬ್ರಿಗಮ್ ಯಂಗ್‌ನ ನೇತೃತ್ವದಲ್ಲಿ ಅನುಯಾಯಿಗಳು ಪಶ್ಚಿಮಾಭಿಮುಖವಾಗಿ ಹೊರಟು 1847ರ ಜುಲೈ ತಿಂಗಳಿನಲ್ಲಿ ಉಪ್ಪುಸರೋವರದ ಕಣಿವೆಯನ್ನು ಸೇರಿದರು.

ಹೊರಗಿನ ಒತ್ತಡದಿಂದಾದ ಪರಿವರ್ತನೆ

ಸ್ಮಿತ್‌ನ ಕಾಲದಲ್ಲಿ ಗುಪ್ತವಾಗಿದ್ದ ಬಹುಪತ್ನೀತ್ವವನ್ನು 1852ರಲ್ಲಿ ಬಹಿರಂಗವಾಗಿ ಸಾರಲಾಯಿತು. ಅಮೆರಿಕದ ಸರ್ಕಾರವು 1862ರಿಂದ ಒಂದರ ಮೇಲೊಂದು ಕಾಯಿದೆಯನ್ನು ತಂದಿತು. 1879ರ ರೆನಾಲ್ಡ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ನಂಬಿಕೆಗೆ ಸ್ವಾತಂತ್ರ್ಯವುಂಟು, ಆದರೆ ನಂಬಿಕೆಯ ಹೆಸರಿನಲ್ಲಿ ನಡೆಯುವ ಎಲ್ಲ ಕೃತ್ಯಗಳಿಗೂ ಅಲ್ಲವೆಂದು ತೀರ್ಪಿತ್ತಿತು. ಈ ಮಾತಿಗೆ ನ್ಯಾಯಾಧೀಶರು ಆರಿಸಿಕೊಂಡ ಉದಾಹರಣೆಗಳಲ್ಲಿ ಪತಿಯ ಚಿತೆಯನ್ನೇರುವ ಸ್ತ್ರೀಯ ಉದಾಹರಣೆಯೂ ಒಂದು. 1887ರ ಕಾಯಿದೆಯು ಸಭೆಯ ಕಾನೂನುಬದ್ಧ ಅಸ್ತಿತ್ವವನ್ನೇ ರದ್ದುಪಡಿಸಿ, ಐವತ್ತು ಸಾವಿರ ಡಾಲರನ್ನು ಮೀರಿದ ಆಸ್ತಿಯ ಮುಟ್ಟುಗೋಲಿಗೆ ಅವಕಾಶ ನೀಡಿತು. 1870ರಿಂದ ಮತದಾನದ ಹಕ್ಕನ್ನು ಪಡೆದಿದ್ದ ಯೂಟಾದ ಸ್ತ್ರೀಯರಿಂದ ಆ ಹಕ್ಕನ್ನೂ ಕಸಿಯಿತು. ಕೊನೆಗೆ 1890ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್, ಇನ್ನು ಮುಂದೆ ಇಂತಹ ವಿವಾಹಗಳು ಬೇಡವೆಂಬ ಪ್ರಕಟಣೆಯನ್ನು ಹೊರಡಿಸಿದನು. 1896ರಲ್ಲಿ ಯೂಟಾ ಪೂರ್ಣ ರಾಜ್ಯವಾಯಿತು.

ಆದರೆ ಪ್ರಕಟಣೆಯಾದ ಮೇಲೂ ಕೆಲವು ವಿವಾಹಗಳು ಗುಟ್ಟಾಗಿ ನಡೆದವು. 1904ರಲ್ಲಿ ಎರಡನೆಯ ಪ್ರಕಟಣೆ ಹೊರಟ ನಂತರವೇ ಶಿಸ್ತು ಬಿಗಿಯಾಯಿತು. ಇಂದು ಬಹುಪತ್ನೀತ್ವವನ್ನು ಆಚರಿಸುವವರು ಈ ಸಭೆಯಿಂದ ಬೇರೆಯಾದ ಸಣ್ಣ ಪಂಗಡಗಳವರು ಮಾತ್ರ.

ಇಲ್ಲಿ ನಮ್ಮ ದೇವಸ್ಥಾನಗಳ ವಿಶ್ವಸ್ತರಿಗೆ ಆಸಕ್ತಿದಾಯಕವಾದ ಒಂದು ಸಂಗತಿಯುಂಟು. ಬಹುಪತ್ನೀತ್ವವನ್ನು ಬೋಧಿಸುವ ಸಂಸ್ಥೆಯ ಸದಸ್ಯನಲ್ಲವೆಂದು ಪ್ರಮಾಣ ಮಾಡದವರಿಗೆ ಐಡಾಹೊ ಪ್ರಾಂತದಲ್ಲಿ ಮತದಾನದ ಹಕ್ಕಿರಲಿಲ್ಲ. ಇದರಿಂದ ಹುಟ್ಟಿದ ಡೇವಿಸ್ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯವು 1890ರಲ್ಲಿ, ಮನುಷ್ಯನಿಗೂ ಸೃಷ್ಟಿಕರ್ತನಿಗೂ ಇರುವ ಸಂಬಂಧದ ಭಾವನೆಯೇ ಧರ್ಮವೆಂದು ವ್ಯಾಖ್ಯಾನಿಸಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣವು ನಮ್ಮ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಈ ವ್ಯಾಖ್ಯಾನವನ್ನು ಪರಿಶೀಲಿಸಿ ಸಮರ್ಪಕವಲ್ಲವೆಂದರು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಜೈನ, ಬೌದ್ಧ ಧರ್ಮಗಳು ಭಾರತದಲ್ಲಿವೆ ಎಂಬುದೇ ಅವರು ಕೊಟ್ಟ ಕಾರಣ. ಆಚರಣೆಗಳೂ ಧರ್ಮದ ಅಂಗವಾಗಬಲ್ಲವು, ಯಾವುದು ಅವಶ್ಯ ಅಂಗವೆಂಬುದನ್ನು ಆಯಾ ಧರ್ಮದ ಸಿದ್ಧಾಂತದಿಂದಲೇ ಅರಿಯಬೇಕು ಎಂದೂ ಆ ತೀರ್ಪು ಹೇಳಿತು. ಮಾರ್ಮನ್ನರನ್ನು ದಂಡಿಸಲು ಹುಟ್ಟಿದ ಒಂದು ವ್ಯಾಖ್ಯಾನವು ಹೀಗೆ ನಮ್ಮ ಧರ್ಮಸ್ವಾತಂತ್ರ್ಯದ ಚರ್ಚೆಗೂ ಒರೆಗಲ್ಲಾಯಿತು.

ಒಳಗಿನ ಅನ್ಯಾಯ

ಬಹುಪತ್ನೀತ್ವವನ್ನು ಹೊರಗಿನವರು ಪ್ರಶ್ನಿಸಿದರು. ಅದಕ್ಕಿಂತ ಗಂಭೀರವಾದ ಇನ್ನೊಂದು ತಪ್ಪನ್ನು ಬಹುಕಾಲ ಯಾವ ಕಾಯಿದೆಯೂ ತಟ್ಟಲಿಲ್ಲ. ಈ ಸಭೆಯಲ್ಲಿ ಯಾಜಕತ್ವವು ಒಂದು ವರ್ಗದ ಸ್ವತ್ತಲ್ಲ. ಯೋಗ್ಯನಾದ ಪ್ರತಿಯೊಬ್ಬ ಪುರುಷನಿಗೂ ಎಳೆಯ ವಯಸ್ಸಿನಿಂದಲೇ ದೊರೆಯುತ್ತದೆ. ದೇವಾಲಯದ ವಿಧಿಗಳ ಮೂಲಕ ಕುಟುಂಬವು ಮರಣಾನಂತರವೂ ಕೂಡಿರುತ್ತದೆಂಬುದು ಇವರ ನಂಬಿಕೆ. ಸ್ಮಿತ್‌ನ ಕಾಲದಲ್ಲಿ ಎಲಿಜಾ ಏಬಲ್ ಮೊದಲಾದ ಕೆಲವು ಕರಿಯರಿಗೆ ಯಾಜಕತ್ವ ದೊರೆತಿತ್ತು. ಆದರೆ 1852ರಲ್ಲಿ ಬ್ರಿಗಮ್ ಯಂಗ್, ಆಫ್ರಿಕಾ ಮೂಲದವರಿಗೆ ಅದು ಸಲ್ಲದೆಂದು ಸಾರಿದನು. ಕ್ರಮೇಣ ಅವರ ಪುರುಷರಿಗೂ ಸ್ತ್ರೀಯರಿಗೂ ದೇವಾಲಯದ ಮುಖ್ಯವಿಧಿಗಳು ನಿಷಿದ್ಧವಾದವು.

ಈ ನಿಷೇಧದ ಅರ್ಥವೇನೆಂಬುದನ್ನು ತಿಳಿಯಲು ಜೇನ್ ಮ್ಯಾನಿಂಗ್ ಜೇಮ್ಸ್ ಎಂಬಾಕೆಯ ಬಾಳನ್ನು ನೋಡಬೇಕು. ಕನೆಕ್ಟಿಕಟ್ ಪ್ರಾಂತದಲ್ಲಿ ಸ್ವತಂತ್ರಳಾಗಿಯೇ ಜನಿಸಿದ ಈ ಕರಿಯ ಮಹಿಳೆ 1843ರಲ್ಲಿ ತನ್ನ ಕುಟುಂಬದೊಡನೆ ಸ್ಮಿತ್‌ನ ಊರಾದ ನಾವೂಗೆ ಹೊರಟಳು. ದಾರಿಯಲ್ಲಿ ಇವರನ್ನು ಹಡಗಿಗೆ ಹತ್ತಿಸಿಕೊಳ್ಳದಿದ್ದುದರಿಂದ ಸುಮಾರು 800 ಮೈಲಿಗಳನ್ನು ನಡೆದೇ ಕ್ರಮಿಸಿದರು. ಪಾದಗಳು ಒಡೆದು ನೆಲದ ಮೇಲೆ ರಕ್ತದ ಗುರುತುಗಳು ಮೂಡಿದವೆಂದು ಆಕೆಯೇ ತನ್ನ ವೃತ್ತಾಂತದಲ್ಲಿ ಹೇಳಿದ್ದಾಳೆ. 1847ರಲ್ಲಿ ಆಕೆ ಉಪ್ಪುಸರೋವರದ ಕಣಿವೆಯನ್ನು ಸೇರಿದಳು. 1849ರಲ್ಲಿ ಅಲ್ಲಿ ಆಹಾರದ ಅಭಾವವಿದ್ದಾಗ, ತನ್ನಲ್ಲಿದ್ದ ಹಿಟ್ಟಿನಲ್ಲಿ ಸುಮಾರು ಅರ್ಧವನ್ನು, ಎರಡು ಪೌಂಡಿನಷ್ಟನ್ನು, ನೆರೆಯ ಬಿಳಿಯ ಮಹಿಳೆಯೊಬ್ಬಳಿಗೆ ಕೊಟ್ಟಳು. ಹಿಟ್ಟನ್ನು ಪಡೆದಾಕೆ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟುದರಿಂದ ನಮಗೆ ಈ ಸಂಗತಿ ತಿಳಿದಿದೆ.

ಇಂತಹ ಶ್ರದ್ಧಾವಂತೆ ದೇವಾಲಯದ ವಿಧಿಗಳಿಗಾಗಿ ಸಭೆಯ ಅಧ್ಯಕ್ಷರಲ್ಲಿ ಮತ್ತೆ ಮತ್ತೆ ಬೇಡಿಕೊಂಡಳು. ಕೊನೆಗೆ 1894ರಲ್ಲಿ ಆಕೆಗಾಗಿಯೇ ಒಂದು ವಿಧಿಯನ್ನು ಕಲ್ಪಿಸಲಾಯಿತು. ಅದರಂತೆ ಆಕೆ ಪರಲೋಕದಲ್ಲಿ ಜೋಸೆಫ್ ಸ್ಮಿತ್‌ನ ಕುಟುಂಬಕ್ಕೆ ಸೇವಕಿಯಾಗಿ ಸೇರಿದಳು. ಆ ವಿಧಿಗೂ ಆಕೆಯನ್ನು ಒಳಗೆ ಬಿಡಲಿಲ್ಲ. ಆಕೆಯ ಪರವಾಗಿ ಬೇರೊಬ್ಬಳು ನಿಂತಳು. ಜೇನ್ 1908ರಲ್ಲಿ ತೀರಿಕೊಂಡಳು.

ಈ ನಿಷೇಧಕ್ಕೆ ಹೇಳುತ್ತಿದ್ದ ಸಮರ್ಥನೆಗಳು ಎರಡು. ಕರಿಯರು ಪುರಾತನ ಶಾಪಕ್ಕೆ ಗುರಿಯಾದ ಕುಲದವರೆಂಬುದು ಮೊದಲನೆಯದು. ಜನ್ಮತಾಳುವ ಮುನ್ನಿನ ಸ್ಥಿತಿಯಲ್ಲಿ ಆ ಜೀವಗಳು ಧರ್ಮದಲ್ಲಿ ದೃಢವಾಗಿರಲಿಲ್ಲವೆಂಬುದು ಎರಡನೆಯದು. ಎದುರಿಗಿರುವವನ ಸಂಕಟಕ್ಕೆ ಅವನ ಪೂರ್ವವೇ ಹೊಣೆಯೆಂದು ಹೇಳಿ ನಮ್ಮ ಹೊಣೆಯಿಂದ ಜಾರಿಕೊಳ್ಳುವ ಈ ತರ್ಕವು ಕೇವಲ ಅಮೆರಿಕದ್ದೆಂದು ನಾವು ಭಾವಿಸಬೇಕಾಗಿಲ್ಲ. ತನ್ನ ನಡೆಯನ್ನು ಶೋಧಿಸಿಕೊಳ್ಳಲೆಂದು ಇರುವ ಸಿದ್ಧಾಂತವನ್ನು ಪರರನ್ನು ಅಳೆಯಲು ಬಳಸಿದರೆ, ಅದು ಎಂತಹ ಉನ್ನತ ಸಿದ್ಧಾಂತವಾದರೂ ಅಧರ್ಮಕ್ಕೆ ಆಸರೆಯಾಗುತ್ತದೆ.

1978ರ ತಿರುವು

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಶ್ನೆಗಳು ಹಲವು ದಿಕ್ಕುಗಳಿಂದ ಎದ್ದವು. ನೈಜೀರಿಯ ಮತ್ತು ಘಾನಾಗಳಲ್ಲಿ ಧರ್ಮಪ್ರಚಾರಕರು ಕಾಲಿಡುವ ಮೊದಲೇ ಈ ಗ್ರಂಥವನ್ನೋದಿ ನಂಬಿದವರು ದೀಕ್ಷೆಗಾಗಿ ಪತ್ರ ಬರೆಯುತ್ತಿದ್ದರು. ವಂಶಗಳು ಬೆರೆತುಹೋದ ಬ್ರೆಜಿಲ್‌ನಲ್ಲಿ ದೇವಾಲಯ ನಿರ್ಮಾಣವಾಗತೊಡಗಿದಾಗ, ಯಾರ ಪೂರ್ವಿಕರು ಆಫ್ರಿಕಾದವರೆಂದು ನಿರ್ಣಯಿಸುವುದೇ ದುಸ್ತರವಾಯಿತು. 1973ರಲ್ಲಿ ಈ ಸಂಪ್ರದಾಯದವನೇ ಆದ ಲೆಸ್ಟರ್ ಬುಷ್ ಎಂಬ ವೈದ್ಯನು ‘ಡೈಲಾಗ್’ ಎಂಬ ಸ್ವತಂತ್ರ ತ್ರೈಮಾಸಿಕದಲ್ಲಿ ದೀರ್ಘ ಲೇಖನವೊಂದನ್ನು ಬರೆದು, ನಿಷೇಧವು ಸ್ಥಾಪಕನ ಕಾಲದ್ದೆನ್ನಲು ಸಮಕಾಲೀನ ಆಧಾರವಿಲ್ಲವೆಂದು ತೋರಿಸಿದನು. 1978ರ ಜೂನ್ 9ರಂದು ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್, ಯೋಗ್ಯರಾದ ಸಮಸ್ತ ಪುರುಷರಿಗೂ ವರ್ಣಭೇದವಿಲ್ಲದೆ ಯಾಜಕತ್ವ ದೊರೆಯಬೇಕೆಂಬ ದೈವಾಜ್ಞೆಯಾಗಿದೆಯೆಂದು ಪ್ರಕಟಿಸಿದನು. ಮರುವರ್ಷ, ಜೇನ್ ತೀರಿಕೊಂಡು 71 ವರ್ಷಗಳಾದ ಮೇಲೆ, ಆಕೆ ಬೇಡಿದ್ದ ವಿಧಿಗಳನ್ನು ಪ್ರತಿನಿಧಿಯ ಮೂಲಕ ನೆರವೇರಿಸಲಾಯಿತು.

ಹರಿದ ಹಾಳೆಯೋ, ತಿದ್ದಿದ ಹಾಳೆಯೋ?

ವ್ಯಾಪಾರದಲ್ಲಿ ಕಿರ್ದಿ ಬರೆಯುವವರಿಗೆ ಒಂದು ನಿಯಮ ಗೊತ್ತು. ತಪ್ಪು ಬರೆದ ಹಾಳೆಯನ್ನು ಹರಿದೆಸೆಯಬಾರದು. ತಪ್ಪಿನ ಮೇಲೆ ಗೆರೆಯೆಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಹಳೆಯ ಅಂಕಿ ಕಾಣುತ್ತಿದ್ದರೇನೇ ಹೊಸ ಅಂಕಿಗೆ ಬೆಲೆ. 1978ರ ಪ್ರಕಟಣೆಯು ಹೊಸ ಅಂಕಿಯನ್ನು ಬರೆಯಿತು, ಹಳೆಯದು ಏಕೆ ತಪ್ಪೆಂದು ಹೇಳಲಿಲ್ಲ. ಆದ್ದರಿಂದ ಶಾಪದ ಕಥೆಗಳು ಕೆಲವರ ಬಾಯಲ್ಲಿ ಉಳಿದೇ ಇದ್ದವು. ಹಳೆಯ ಪುಟಗಳನ್ನು ತೆರೆದವರೂ ಸುಖಪಡಲಿಲ್ಲ. 1890ರ ನಂತರದ ಗುಪ್ತವಿವಾಹಗಳನ್ನು ಕುರಿತು ಬರೆದ ಇತಿಹಾಸಕಾರ ಮೈಕೆಲ್ ಕ್ವಿನ್ 1993ರಲ್ಲಿ ಸಭೆಯಿಂದ ಬಹಿಷ್ಕೃತನಾದನು.

ಎರಡು ದಶಕಗಳ ನಂತರ ಸಭೆಯೇ ಮುಂದೆ ಬಂದಿತು. 2013ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕಪ್ಪು ಚರ್ಮವು ಶಾಪದ ಗುರುತೆಂಬ ಮತ್ತು ಪೂರ್ವಸ್ಥಿತಿಯ ದೋಷದ ಫಲವೆಂಬ ವಾದಗಳನ್ನು ಅದು ಸ್ಪಷ್ಟವಾಗಿ ತಳ್ಳಿಹಾಕಿತು. 2014ರಲ್ಲಿ ಸ್ಥಾಪಕನ ಬಹುಪತ್ನೀತ್ವವನ್ನೂ 1890ರ ನಂತರದ ವಿವಾಹಗಳನ್ನೂ ಒಪ್ಪಿಕೊಂಡು ಬರೆಯಿತು. 2013ರ ಪ್ರಬಂಧದಲ್ಲಿ ಕ್ಷಮೆ ಕೋರುವ ಮಾತಿಲ್ಲ. ಗೆರೆಯೆಳೆದದ್ದಾಯಿತು, ರುಜು ಇನ್ನೂ ಪೂರ್ಣವಾಗಲಿಲ್ಲವೆಂದು ಹೇಳಬಹುದು. ಆದರೂ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಸದಸ್ಯರುಳ್ಳ ಸಂಸ್ಥೆಯು ತನ್ನ ಹಿರಿಯರ ಮಾತನ್ನು ತಪ್ಪೆಂದು ತಾನೇ ಬರೆದುಕೊಳ್ಳುವುದು ಸುಲಭದ ಕಾರ್ಯವಲ್ಲ.

ಶ್ರದ್ಧೆಯುಳ್ಳವರಿಗೆ ಒಂದು ಭಯ ಸಹಜ: ಹಿರಿಯರ ತಪ್ಪನ್ನು ಒಪ್ಪಿದರೆ ಧರ್ಮವೇ ಶಿಥಿಲವಾದೀತೇ? ಜೇನ್ ಜೇಮ್ಸ್‌ಳ ಚರಿತ್ರೆಯು ಇದಕ್ಕೆ ಉತ್ತರವನ್ನು ನೀಡುತ್ತದೆ. ಆ ಸಭೆಯ ಹೆಮ್ಮೆಯ ಸ್ಮರಣೆಗಳಲ್ಲಿ ಇಂದು ಆಕೆಯೂ ಒಬ್ಬಳು. ಆಕೆಗಾದ ಅನ್ಯಾಯವನ್ನು ಮುಚ್ಚಿಟ್ಟಿದ್ದರೆ ಆಕೆಯ ಶ್ರದ್ಧೆಯ ಎತ್ತರವೂ ಮುಚ್ಚಿಹೋಗುತ್ತಿತ್ತು. ಪ್ರತಿಯೊಂದು ಸಮಾಜದ ಹಳೆಯ ಕಡತಗಳಲ್ಲಿಯೂ ಬಾಗಿಲಾಚೆ ನಿಂತವರ ಅರ್ಜಿಗಳು ಇದ್ದೇ ಇರುತ್ತವೆ. ಅವರು ಬದುಕಿರುವಾಗಲೇ ಅವುಗಳನ್ನು ತೆರೆದು ಓದುವುದು ಮೇಲು. ಮರಣಾನಂತರ ಸಲ್ಲುವ ಗೌರವವು ಎಷ್ಟೇ ದೊಡ್ಡದಾದರೂ, ಹಸಿದ ದಿನ ನೆರೆಯವಳಿಗೆ ದೊರೆತ ಎರಡು ಪೌಂಡ್ ಹಿಟ್ಟಿಗೆ ಅದು ಸಮವಾಗಲಾರದು.