ಹೆಂಚು ಇಳಿಸಿದ್ರಾ?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಬಂದರೆ ನಮ್ಮ ಸಕ್ರೆಬೈಲು. ಬಂದವರೆಲ್ಲ ಬಿಡಾರದ ಆನೆಗಳನ್ನು ನೋಡುತ್ತಾರೆ. ತೊಂಬತ್ತು ದಾಟಿದ ನನ್ನ ಅಮ್ಮ ಮಾತ್ರ ಅವು ಮೀಯುವ ನೀರನ್ನು ನೋಡುತ್ತಾಳೆ. ಅದು ಗಾಜನೂರು ಅಣೆಕಟ್ಟಿನ ಹಿನ್ನೀರು. ಕಂಡದ್ದೇ ತಡ, ಅಮ್ಮನಿಗೆ ಗಾಬರಿ.

"ನೀರು ಇಲ್ಲಿವರೆಗೂ ಬಂತಲ್ಲೇ ಮಾರಾಯ್ತಿ! ಹೆಂಚು ಇಳಿಸಿದ್ರಾ?"

ಅಮ್ಮ ಹೇಳುವ ನೀರು ತುಂಗೆಯದಲ್ಲ, ಶರಾವತಿಯದು. ಜೋಗದ ವಿದ್ಯುತ್ತಿಗಾಗಿ ಮೊದಲು ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದರು. 1948ರಲ್ಲಿ ವಿದ್ಯುದಾಗಾರ ಶುರುವಾಯಿತು. ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಹಳ್ಳಿಗಳ ಜೊತೆಗೆ ಆ ಹಳೆಯ ಕಟ್ಟೆಯೂ ಮುಳುಗಿತು. ನಾಡಿಗೆ ದೀಪ ಬಂತು. ನಮ್ಮವರು ಹೆಂಚು, ತೊಲೆ, ಬಾಗಿಲು ಕಳಚಿ ಲಾರಿಗೆ ಹೇರಿಕೊಂಡು ಶಿವಮೊಗ್ಗ ಸೀಮೆಯ ಕಾಡಂಚಿಗೆ ಬಂದಿಳಿದರು. ನಾನು ಹುಟ್ಟಿದ್ದು ಆಮೇಲೆ. ಮುಳುಗಡೆಯಾದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಮರೆವು ಮುದುಕರಿಗೆ ಮಾತ್ರ ಬರುವ ಕಾಯಿಲೆಯೇನಲ್ಲ.

ನಮ್ಮಲ್ಲಿ ಇದಕ್ಕೆ 'ಅರವತ್ತಕ್ಕೆ ಅರಳುಮರಳು' ಎಂದು ಹೇಳಿ ನಕ್ಕು ಸುಮ್ಮನಾಗುತ್ತಿದ್ದರು. ಬೇಂದ್ರೆಯವರು ಅದನ್ನೇ ತಮ್ಮ ಕವನ ಸಂಗ್ರಹಕ್ಕೆ ಹೆಸರಾಗಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡರು. ಹಾಗಾಗಿ ವಯಸ್ಸಾದವರೆಲ್ಲ ಮರೆಯಲೇಬೇಕೆಂದಿಲ್ಲ. ಇದು ಮಿದುಳಿನ ಕಾಯಿಲೆಯೂ ಇರಬಹುದೆಂದು 1906ರಲ್ಲಿ ಜರ್ಮನಿಯ ವೈದ್ಯ ಆಲ್ಝೈಮರ್ ತೋರಿಸಿಕೊಟ್ಟ. ಮೊದಲು ಹೋಗುವುದು ಇಂದು ಬೆಳಗಿನ ನೆನಪು. ಹಳೆಯದು ಬಹುಕಾಲ ಉಳಿಯುತ್ತದೆ.

ಒಂದು ಸಂಜೆ ಶಾಲೆಯಿಂದ ಬಂದು ಅಮ್ಮನ ಪಕ್ಕ ಕೂತೆ.

"ನೀವು ಯಾರ ಮನೆಯವರು?" ಎಂದಳು.

"ಟೀಚರಮ್ಮ."

"ಹೌದಾ? ನನ್ನ ಮಗಳೂ ಟೀಚರೇ. ಒಳ್ಳೆಯವಳು. ಆದರೆ ಎಲ್ಲದಕ್ಕೂ ಪಾಠ ಮಾಡ್ತಾಳೆ."

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಅವಳ ಮಾತು ನಿಜವೇ. ಇವತ್ತು ಯಾವ ವಾರ, ನನ್ನ ಹೆಸರೇನು ಎಂದು ದಿನವೂ ಪರೀಕ್ಷೆ ಮಾಡುತ್ತಿದ್ದೆ. ಊರಿಗೆ ಹೊರಟು ನಿಂತಾಗಲೆಲ್ಲ, "ಊರು 1964ರಲ್ಲೇ ಮುಳುಗಿತಲ್ಲಮ್ಮ" ಎಂದು ಇಸವಿ ಸಹಿತ ತಿದ್ದುತ್ತಿದ್ದೆ. ಅವಳಿಗದು ಪ್ರತಿಸಲವೂ ಹೊಸ ಸುದ್ದಿ. ಪ್ರತಿಸಲವೂ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಒಂದೇ ಊರನ್ನು ನಾನು ಎಷ್ಟು ಸಲ ಮುಳುಗಿಸಿದೆನೋ!

ಆನೆಗೆ ದವಡೆಹಲ್ಲು ಜೀವಮಾನದಲ್ಲಿ ಆರು ಸಲ ಬರುತ್ತದೆ. ಕೊನೆಯದು ಸವೆದರೆ ಅಗಿಯಲಾಗದು. ಗಟ್ಟಿ ಕುಸುರೆ ತಿನ್ನಲಾರದ ಮುದಿ ಆನೆಗೆ ಮೆತ್ತಗಿನದನ್ನೇ ಕೊಡಬೇಕು. ಹಲ್ಲು ಎಲ್ಲಿ ಹೋಯಿತೆಂದು ಯಾವ ಮಾವುತನೂ ಅದನ್ನು ಕೇಳುವುದಿಲ್ಲ. ಇಷ್ಟು ಹತ್ತಿರವಿದ್ದೂ ಈ ಪಾಠ ನನಗೆ ತಡವಾಗಿ ತಲೆಗೆ ಹತ್ತಿತು.

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಕಟ್ಟೆ ಮೇಲೆ ಕಾಣುತ್ತದೆ. ಅಮ್ಮನ ನೆನಪೂ ಹಾಗೆಯೇ. ಈಗ ನಾನು ತಿದ್ದುವುದಿಲ್ಲ. ನೋಟುಬುಕ್ಕು ಹಿಡಿದು ಕೂರುತ್ತೇನೆ. ಯಾವ ಗದ್ದೆಗೆ ಯಾವ ಹೆಸರು, ಬಾವಿ ಯಾವ ದಿಕ್ಕಿಗಿತ್ತು, ಎಲ್ಲ ಅವಳೇ ಹೇಳುತ್ತಾಳೆ. ಇಪ್ಪತ್ತು ವರ್ಷ ಮುಂಚೆ ಕೇಳಬೇಕಿತ್ತು. ಆಗ ಕೇಳಲು ನನಗೆ ಪುರುಸೊತ್ತಿರಲಿಲ್ಲ.

ನಿನ್ನೆಯೂ ಕೇಳಿದಳು: "ಹೆಂಚು ಇಳಿಸಿದ್ರಾ?"

"ಇಳಿಸಿದ್ವಮ್ಮ. ಒಂದೂ ಒಡೆದಿಲ್ಲ."

"ಲಾರಿಯವರಿಗೆ ಕಾಫಿ?"

"ಕೊಟ್ಟೆ."

"ಹಾಗಾದ್ರೆ ನೀವೂ ಒಂದು ಲೋಟ ಕುಡೀರಿ ಟೀಚರಮ್ಮ. ಬೆಳಗಿಂದ ದುಡಿದಿದ್ದೀರಿ."