ಕೊಳೆಯಬೇಕಾದ ಹೊದಿಕೆ, ಕೆಡಬಾರದ ಹಣ್ಣು: ಸೂಕ್ಷ್ಮಜೀವಿನಿರೋಧಕ ತೆಳುಪೊರೆಗಳ ಬೆಳವಣಿಗೆ

ಆಹಾರ ಕೆಡದಂತೆ ಕಾಯುವ ಹೊದಿಕೆಯು ಬಳಕೆಯ ನಂತರ ತಾನು ಬೇಗನೆ ಕೊಳೆತು ಮಣ್ಣಾಗಬೇಕೆಂಬ ಬೇಡಿಕೆಯಲ್ಲೇ ಒಂದು ವಿರೋಧವಿದೆ. ಸೂಕ್ಷ್ಮಜೀವಿಗಳನ್ನು ತಡೆಯುವ, ಆದರೆ ಕೊನೆಗೆ ಅವುಗಳಿಗೇ ಆಹಾರವಾಗುವ ತೆಳುಪೊರೆಗಳ ಸಂಶೋಧನೆ ಬಹುಮಟ್ಟಿಗೆ ಈ ವಿರೋಧವನ್ನು ಸಂಭಾಳಿಸುತ್ತಲೇ ಬೆಳೆದಿದೆ.

ಈ ಕ್ಷೇತ್ರದ ಮುಖ್ಯ ವಸ್ತು ಕೈಟೋಸಾನ್. ಫ್ರಾನ್ಸಿನ ಬ್ರಾಕೊನೊ 1811ರಲ್ಲಿ ಅಣಬೆಗಳಿಂದ ಬೇರ್ಪಡಿಸಿದ, ಸಿಗಡಿ ಮತ್ತು ಏಡಿಗಳ ಚಿಪ್ಪಿನಲ್ಲೂ ಹೇರಳವಾಗಿರುವ ಕೈಟಿನ್ ಎಂಬ ಪದಾರ್ಥವನ್ನು ಪ್ರಬಲ ಕ್ಷಾರದಲ್ಲಿ ಕಾಯಿಸಿದಾಗ ಕೈಟೋಸಾನ್ ದೊರೆಯುತ್ತದೆ. ಸಾರರಿಕ್ತ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ತಟ್ಟೆಗೆ ಹೊಯ್ದು ಒಣಗಿಸಿದರೆ ಪಾರದರ್ಶಕ ಹಾಳೆಯಾಗುತ್ತದೆ. ಆಮ್ಲೀಯ ಸ್ಥಿತಿಯಲ್ಲಿ ಇದರ ಅಮೈನೋ ಗುಂಪುಗಳು ಧನ ವಿದ್ಯುದಂಶ ಪಡೆದು, ಋಣ ವಿದ್ಯುದಂಶವುಳ್ಳ ಬ್ಯಾಕ್ಟೀರಿಯಾದ ಹೊರಮೈಗೆ ಅಂಟಿಕೊಳ್ಳುವುದರಿಂದ ಜೀವಕೋಶದ ಪೊರೆ ಹದಗೆಟ್ಟು ಒಳಗಿನ ದ್ರವ್ಯ ಸೋರಿಹೋಗುತ್ತದೆ.

1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ (ಸಿಎಫ್‌ಟಿಆರ್‌ಐ) ಆರ್. ಎನ್. ಥರನಾಥನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಮಾವಿನ ಹಣ್ಣಿನ ಅಧ್ಯಯನ ಇಲ್ಲಿ ವಿಶೇಷವಾಗಿ ಗಮನಾರ್ಹ. ರಟ್ಟಿನ ಪೆಟ್ಟಿಗೆಯ ಬಾಯಿಗೆ ಕೈಟೋಸಾನ್ ಹಾಳೆ ಹೊದಿಸಿದಾಗ ಹಣ್ಣುಗಳು ಸುಮಾರು 18 ದಿನ ಚೆನ್ನಾಗಿ ಉಳಿದವು. ಪಾಲಿಥಿನ್ ಹೊದಿಸಿದವು ಹುಳಿತ ವಾಸನೆ ಹಿಡಿದು ಬೂಷ್ಟುಗಟ್ಟಿದವು. ಹಣ್ಣು ಬಿಡುವ ತೇವವನ್ನು ಪಾಲಿಥಿನ್ ಒಳಗೇ ಹಿಡಿದಿಟ್ಟರೆ, ಕೈಟೋಸಾನ್ ಅದನ್ನು ಹೊರಬಿಡುತ್ತದೆ. ನೀರಾವಿಯನ್ನು ತಡೆಯಲಾಗದಿರುವುದು ಈ ಹಾಳೆಯ ದೋಷವೆಂದೇ ಎಣಿಸಲಾಗುತ್ತಿತ್ತು. ಉಸಿರಾಡುವ ಹಣ್ಣಿಗೆ ಅದೇ ಗುಣವಾಯಿತು. ಬಿಸ್ಕತ್ತಿಗಾದರೆ ಅದೇ ಹಾಳೆ ನಿರುಪಯೋಗಿ.

ಬರಿಯ ಕೈಟೋಸಾನ್ ಪೆಡಸಾಗಿದ್ದು ಸುಲಭವಾಗಿ ಮುರಿಯುವ ಕಾರಣ, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ಪಾಲಿವಿನೈಲ್ ಆಲ್ಕೊಹಾಲ್ ಎಂಬ, ಪೆಟ್ರೋಲಿಯಂ ಮೂಲದ್ದಾದರೂ ನೀರಿನಲ್ಲಿ ಕರಗಿ ಕೆಲವು ಜೀವಾಣುಗಳಿಂದ ಒಡೆಯಬಲ್ಲ ಪದಾರ್ಥವನ್ನು ಅದರೊಡನೆ ಬೆರೆಸಿ, ಸಸ್ಯಸಾರಗಳನ್ನೂ ಸೇರಿಸಿ ಅನೇಕ ಹಾಳೆಗಳನ್ನು ಪರೀಕ್ಷಿಸಿದ್ದಾರೆ. ಅರಿಸಿನದ ಕರ್ಕ್ಯುಮಿನ್, ಲವಂಗದ ಯೂಜಿನಾಲ್‌ಗಳೂ ಇಂಥ ಹಾಳೆಗಳಿಗೆ ಸೇರುತ್ತವೆ, ಲವಂಗದ ಘಾಟು ಆಹಾರಕ್ಕೂ ಅಂಟುತ್ತದೆಂಬ ತಕರಾರಿನೊಂದಿಗೆ. ಜಗತ್ತಿನ ಪ್ರಬಂಧಗಳಲ್ಲಿ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆದು ಗೆಲುವು ಘೋಷಿಸುವ ರೂಢಿಯಿದೆ. ಒದ್ದೆ ಪನೀರಿನ ಪೊಟ್ಟಣಕ್ಕೆ ಆ ಅಳತೆ ಸಾಲದು.

ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನೂ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನೂ ನಿಷೇಧಿಸಿದ ಮೇಲೆ ಪರ್ಯಾಯಗಳ ಬೇಡಿಕೆ ಏರಿತು. ಆದರೆ ಎಲ್ಲ ಪರ್ಯಾಯಗಳೂ ಸುಲಭವಾಗಿ ಕೊಳೆಯುವುದಿಲ್ಲ. ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಚೀಲ ಚೆನ್ನಾಗಿ ಕೊಳೆಯಲು ಸುಮಾರು 58 ಡಿಗ್ರಿ ಶಾಖವಿರುವ ಕಾಂಪೋಸ್ಟ್ ಘಟಕ ಬೇಕು. ಊರ ತಿಪ್ಪೆಯಲ್ಲಿ ಅದು ಬಹುಕಾಲ ಹಾಗೇ ಉಳಿಯುತ್ತದೆ.

ಕೊಪ್ಪಳ ಜಿಲ್ಲೆಗೆ ಈ ಸಂಶೋಧನೆ ದೂರದ್ದಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳ ನುಚ್ಚಿನಲ್ಲಿ ಹಾಳೆ ಮಾಡಬಲ್ಲ ಪಿಷ್ಟವಿದೆ, ಕುಷ್ಟಗಿ ಭಾಗದ ದಾಳಿಂಬೆಯ ಸಿಪ್ಪೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಟ್ಯಾನಿನ್‌ಗಳಿವೆ, ಹೊದಿಕೆಗೆ ಕಾದಿರುವ ಕೇಸರ್ ಮಾವೂ ಇದೆ. ಆದರೆ ಪಿಷ್ಟದ ಹಾಳೆಯಲ್ಲಿ ಅಣುಸರಪಳಿಗಳು ದಿನಕಳೆದಂತೆ ಮತ್ತೆ ಒತ್ತಾಗಿ ಜೋಡಿಕೊಳ್ಳುವುದರಿಂದ ಅದು ಗಡುಸಾಗುತ್ತದೆ. ಮೃದುತ್ವಕ್ಕೆ ಬೆರೆಸುವ ಗ್ಲಿಸರಾಲ್ ಹೆಚ್ಚಾದರೆ ಮಳೆಗಾಲದಲ್ಲಿ ತೇವ ಹೀರಿ ಜಿಗುಟಾಗುತ್ತದೆ, ಕಡಿಮೆಯಾದರೆ ಮಾವಿನ ಸುಗ್ಗಿಯ ಒಣ ಬಿಸಿಲಿನಲ್ಲಿ ಬಿರಿಯುತ್ತದೆ.